ಓಡ್ವಾರನ ಸೊಂಟನೋವು ಮತ್ತು ದಾರಿ ಬದಲಿಸಿದ ಹಡಗು

ಎಲ್ಲಕ್ಕೂ ಕಾರಣ ಒಂದು ಸಣ್ಣ ಸುಳ್ಳು. ಅದೂ ಫೋನಿನಲ್ಲಿ ಹೇಳಿದ್ದು. ಎದುರಿಗೆ ನಿಂತು ಹೇಳುವಷ್ಟು ಗಂಡೆದೆ ಓಡ್ವಾರನಿಗೆ ಎಲ್ಲಿಂದ ಬರಬೇಕು?

ಬೆಟ್ಟಗಳ ನಡುವೆ ಒಳನುಗ್ಗಿದ ಕಡಲತೋಳಾದ ಫ್ಯೋರ್ಡಿನ ಒಳಮೂಲೆಯಲ್ಲಿರುವ ಅವನ ಊರು ಸ್ಟೈನ್‌ವಿಕ್‌ನಲ್ಲಿ ಮೇ ಹದಿನೇಳರ ರಾಷ್ಟ್ರದಿನಕ್ಕೆ ಮುಂಚಿನ ಶನಿವಾರ ದುಗ್ನಾದ್ ನಡೆಯುತ್ತದೆ. ಊರಿಗೆ ಊರೇ ಪೊರಕೆ, ಬಣ್ಣ, ಸುತ್ತಿಗೆ ಹಿಡಿದು ಊರಿನ ಕೆಲಸಕ್ಕೆ ಇಳಿಯುತ್ತದೆ. ಕೂಲಿ ಇಲ್ಲ, ಕಾಫಿ ಉಂಟು. ಅಲ್ಲಿನ ಜನ ತೆರಿಗೆ ತಪ್ಪಿಸಿದವನನ್ನು ಬೇಕಾದರೆ ಕ್ಷಮಿಸಿಯಾರು, ದುಗ್ನಾದ್ ತಪ್ಪಿಸಿದವನ ಜೊತೆ ಅಂಗಡಿಯಲ್ಲಿ ಮಾತು ಕೂಡ ಆಡುವುದಿಲ್ಲ. ಓಡ್ವಾರನ ಪಾಲಿಗೆ ವರ್ಷವೂ ಬರುತ್ತಿದ್ದುದು ಒಂದೇ ಕೆಲಸ. ಊರಿನ ಸಭಾಭವನಕ್ಕೆ ಏಣಿ ಹಾಕಿ, ಸೂರಿನಂಚಿನ ತಗಡಿನ ಕಾಲುವೆಯಲ್ಲಿ ಕೊಳೆತ ಎಲೆ ಬಾಚುವುದು. ಈ ಸಲ ಅದೇ ವಾರಕ್ಕೆ, ಫ್ಯೋರ್ಡುಗಳನ್ನು ಸುತ್ತುವ ದೊಡ್ಡ ಹಡಗಿನಲ್ಲಿ ಎರಡು ಟಿಕೆಟ್ ಅಗ್ಗಕ್ಕೆ ಸಿಕ್ಕಿಬಿಟ್ಟವು.

"ಬೋರ್ಗಿಲ್ಡ್, ಸೊಂಟ ಹಿಡ್ಕೊಂಡ್ಬಿಟ್ಟಿದೆ. ಬರ್ಗೆನ್ ಆಸ್ಪತ್ರೆಗೆ ಹೋಗ್ತಿದೀನಿ," ಎಂದು ಅವನು ಫೋನಿನಲ್ಲಿ ನರಳಿದ.

ಬೋರ್ಗಿಲ್ಡ್ ನಿವೃತ್ತ ಶಾಲಾ ಶಿಕ್ಷಕಿ. ಊರಿನ ಅರ್ಧ ಜನಕ್ಕೆ ಓದು ಕಲಿಸಿದ್ದಳು, ಪೂರ್ತಿ ಜನಕ್ಕೆ ಹೆದರಿಕೆ ಕಲಿಸಿದ್ದಳು. ದುಗ್ನಾದ್‌ಗೂ ಅವಳೇ ಯಜಮಾನಿ, ಮೇ ಹದಿನೇಳರ ಮೆರವಣಿಗೆಗೂ ಅವಳೇ ಯಜಮಾನಿ.

"ಹದಿನೇಳರೊಳಗೆ ವಾಸಿ ಮಾಡ್ಕೊಂಡು ಬಾ," ಎಂದಳು. "ಈ ಸಲ ಬಾವುಟ ಹಿಡಿಯೋನು ನೀನು. ನೆನಪಿದೆ ತಾನೆ?"

ನೆನಪಿಲ್ಲದೆ ಏನು! ಮೆರವಣಿಗೆಯ ಮುಂದೆ ಊರಿನ ಬಾವುಟ ಹಿಡಿದು ನಡೆಯಬೇಕೆಂಬುದು ಓಡ್ವಾರನ ಚಿಕ್ಕಂದಿನ ಆಸೆ. ಎದುರುಮನೆಯ ಸ್ವೆರ್ರೆ ಅದರ ಮೇಲೆ ಕಣ್ಣಿಟ್ಟು ಬಹಳ ಕಾಲವಾಗಿತ್ತು. ಸುಳ್ಳು ಹೊರಬಿದ್ದರೆ ಬಾವುಟ ಅವನ ಪಾಲು. ಆದರೆ ಹೊರಬೀಳುವುದು ಹೇಗೆ? ಹಡಗು ಹತ್ತುವುದು ದೂರದ ಪಟ್ಟಣ ಬರ್ಗೆನ್‌ನಲ್ಲಿ, ಹೋಗುವುದು ಜಲಪಾತಗಳಿಗೆ ಹೆಸರಾದ ಗೈರಾಂಗರ್ ಕಡೆಗೆ. ಹೆಂಡತಿ ಮಾರ್ಗಿತ್ ಒಂದು ವಾರದಿಂದ ಬರ್ಗೆನ್‌ನ ತಂಗಿಯ ಮನೆಯಲ್ಲಿದ್ದಳು. ಅವಳಿಗೆ, "ದುಗ್ನಾದ್ ಮುಂದಕ್ಕೆ ಹೋಯ್ತು ಕಣೆ" ಎಂದು ಇನ್ನೊಂದು ಸುಳ್ಳು ಹೇಳಿ ಮುಗಿಸಿದ.

ಶನಿವಾರ ಬೆಳಗ್ಗೆ ಅವನು ಹಡಗಿನ ಊಟದ ಕೋಣೆಯಲ್ಲಿ ಬ್ರೆಡ್ಡಿನ ಮೇಲೆ ಕಂದು ಚೀಸ್ ಇಟ್ಟುಕೊಂಡು, ಇಷ್ಟು ಹೊತ್ತಿಗೆ ಊರಿನವರೆಲ್ಲ ಬೆವರು ಸುರಿಸುತ್ತಿರಬೇಕು ಎಂದು ಪರಮಾನಂದದಲ್ಲಿದ್ದ. ಆಗ ಕ್ಯಾಪ್ಟನ್ನನ ದನಿ ಮೈಕಿನಲ್ಲಿ ಕೇಳಿಸಿತು. ಗೈರಾಂಗರ್ ಕಡೆ ಗಾಳಿ ವಿಪರೀತ. ಅಲ್ಲಿ ನಿಲ್ಲಲಾಗುವುದಿಲ್ಲ. ಬದಲಿಗೆ ಹಡಗು ಇನ್ನು ಸ್ವಲ್ಪ ಹೊತ್ತಿನಲ್ಲೇ, ಮೊಟ್ಟಮೊದಲ ಬಾರಿಗೆ, ಸ್ಟೈನ್‌ವಿಕ್ ಎಂಬ ಮುದ್ದಾದ ಪುಟ್ಟ ಊರಿನಲ್ಲಿ ಲಂಗರು ಹಾಕಲಿದೆ.

ಓಡ್ವಾರ ಕಚ್ಚಿದ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಓಡಿದ.

ಹಡಗಿನ ವಿಚಾರಣೆ ಕೌಂಟರಿನ ಮುಂದೆ ಆಗಲೇ ಗಲಾಟೆ ಶುರುವಾಗಿತ್ತು. ಪಕ್ಕದ ಕೋಣೆಯ ಜರ್ಮನ್ ಪ್ರವಾಸಿ ಡೆಟ್ಲೆಫ್ ಮೇಜು ಕುಟ್ಟುತ್ತಿದ್ದ. "ಜಲಪಾತ ತೋರಿಸ್ತೀವಿ ಅಂತ ಕರ್ಕೊಂಡ್ ಬಂದು ಈಗ ಯಾವುದೋ ಕೊಂಪೆ ತೋರಿಸ್ತೀರಾ?"

ಓಡ್ವಾರ ಅವನನ್ನು ತಳ್ಳಿಕೊಂಡು ಮುಂದೆ ಹೋದ. "ಅವರು ಹೇಳ್ತಿರೋದು ಸರಿ! ಸ್ಟೈನ್‌ವಿಕ್‌ನಲ್ಲಿ ನೋಡೋಕೆ ಏನೂ ಇಲ್ಲ! ಒಂದು ಚರ್ಚು, ಒಂದು ಅಂಗಡಿ, ಒಬ್ಬಳು ಟೀಚರು. ಅಷ್ಟೇ!"

"ಸಾರ್ ಅಲ್ಲಿಗೆ ಹೋಗಿದೀರಾ?" ಎಂದು ಕೌಂಟರಿನ ಹಿಂದಿದ್ದ ಹುಡುಗಿ ಕೇಳಿದಳು.

"ಇಲ್ಲ! ನಾನ್ಯಾಕೆ ಹೋಗ್ಲಿ! ಯಾರೋ ಹೇಳಿದ್ರು."

"ಇವತ್ತು ಅಲ್ಲಿ ಏನೋ ಜಾನಪದ ಉತ್ಸವ ಇರೋ ಹಾಗಿದೆ ಸಾರ್. ದುರ್ಬೀನಿನಲ್ಲಿ ನೋಡಿದ್ವಿ. ಊರಿನವರೆಲ್ಲ ಪೊರಕೆ ಹಿಡ್ಕೊಂಡು ದಡದಲ್ಲೇ ನಿಂತಿದಾರೆ."

ಓಡ್ವಾರ ಅಲ್ಲಿಂದ ಕಾಲ್ಕಿತ್ತ. ಸರಿ, ಕೋಣೆ ಬಿಟ್ಟು ಕದಲದಿದ್ದರಾಯಿತು ಎಂದು ಓಡೋಡಿ ಹೋಗಿ ಬಾಗಿಲು ತೆಗೆದರೆ ಮಾರ್ಗಿತ್ ಇಲ್ಲ. ಹಾಸಿಗೆ ಒಪ್ಪವಾಗಿದೆ, ಕೋಟು ಗೂಟದಲ್ಲಿಲ್ಲ. ಕಿಟಕಿಯಲ್ಲಿ ಇಣುಕಿದ. ಹಡಗು ಆಗಲೇ ಲಂಗರು ಹಾಕಿತ್ತು, ಜನರನ್ನು ದಡಕ್ಕೆ ಒಯ್ಯುವ ಮೊದಲ ದೋಣಿ ಹೊರಟಾಗಿತ್ತು. ಮಾರ್ಗಿತ್ ಅದರ ಮೂತಿಯಲ್ಲೇ ಕೂತು ಅವನತ್ತ ಕೈ ಬೀಸಿದಳು.

"ಮನೆಗೆ ಹೋಗಿ ಉಣ್ಣೆ ಸ್ವೆಟರ್ ತರ್ತೀನಿ! ಎಂಥ ಅದೃಷ್ಟ ನೋಡು!" ಎಂದು ಕೂಗಿದಳು.

ಅವಳೇನಾದರೂ ಬೋರ್ಗಿಲ್ಡ್‌ಳ ಎದುರು ಬಾಯಿ ಬಿಟ್ಟರೆ ಮುಗಿಯಿತು ಕತೆ. ತಡೆಯಲೇಬೇಕು. ಓಡ್ವಾರ ಪಕ್ಕದ ಕೋಣೆಗೆ ನುಗ್ಗಿ ಡೆಟ್ಲೆಫ್‌ನ ಕಾಲು ಹಿಡಿಯುವುದೊಂದು ಬಿಟ್ಟು ಉಳಿದೆಲ್ಲ ಮಾಡಿ, ವೇಷಕ್ಕೆ ಬೇಕಾದದ್ದನ್ನು ಎರವಲು ಪಡೆದ. ಗರಿ ಸಿಕ್ಕಿಸಿದ ಹಸಿರು ಟೋಪಿ, ಕಪ್ಪು ಕನ್ನಡಕ, ಮೂಗಿನವರೆಗೆ ಸುತ್ತುವ ಮಫ್ಲರ್, ಹಡಗಿನವರು ಎಲ್ಲರಿಗೂ ಹಂಚಿದ್ದ ಹಳದಿ ಮಳೆಯಂಗಿ, ಎಲ್ಲವನ್ನೂ ಏರಿಸಿಕೊಂಡ. ಕನ್ನಡಿಯಲ್ಲಿ ನೋಡಿಕೊಂಡರೆ ಅವನಿಗೇ ಅವನ ಗುರುತು ಸಿಗಲಿಲ್ಲ.

"ಶೀತಾನಾ?" ಎಂದ ಡೆಟ್ಲೆಫ್.

"ತುಂಬಾ," ಎಂದ ಓಡ್ವಾರ.

ಇಬ್ಬರೂ ಮುಂದಿನ ದೋಣಿಯಲ್ಲಿ ದಡಕ್ಕೆ ಬಂದರು. ಹಗ್ಗ ಹಿಡಿದು ಕೈ ಕೊಟ್ಟು ಇಳಿಸಿದವನು ಸ್ವೆರ್ರೆ! ಓಡ್ವಾರ ತಲೆ ತಗ್ಗಿಸಿ, ಜರ್ಮನ್ ಗುಂಪಿನ ನಡುವೆ ತೂರಿಕೊಂಡು, ತನ್ನ ಮನೆಯ ಓಣಿಯತ್ತ ಕಾಲು ಹಾಕಿದ. ಇನ್ನೇನು ತಿರುವು ಬಂತು ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಭುಜ ಹಿಡಿದರು. ಆ ಹಿಡಿತ ಅವನಿಗೆ ಎರಡನೇ ಕ್ಲಾಸಿನಿಂದಲೂ ಪರಿಚಿತ.

ಪ್ರವಾಸಿಗಳ ದಂಡು ಕಂಡಾಗ ಊರಿನವರೆಲ್ಲ ಕಂಗಾಲಾಗಿದ್ದರೆ ಬೋರ್ಗಿಲ್ಡ್ ಮಾತ್ರ, ದೇವರೇ ಆಳು ಕಳಿಸಿದ ಎಂದುಕೊಂಡಿದ್ದಳು. ಬಂದವರಿಗೆಲ್ಲ ತನ್ನ ಶಾಲೆಯ ಇಂಗ್ಲಿಷಿನಲ್ಲಿ ದುಗ್ನಾದ್ ವಿವರಿಸಿ ಕೈಗೊಂದು ಕುಂಚ ಕೊಡುತ್ತಿದ್ದಳು. ಜನ ಖುಷಿಯಿಂದ ಬೇಲಿಗೆ ಬಣ್ಣ ಬಳಿಯುತ್ತ ಫೋಟೋ ಹೊಡೆದುಕೊಳ್ಳುತ್ತಿದ್ದರು. ಜಲಪಾತಕ್ಕೆ ಅತ್ತಿದ್ದ ಡೆಟ್ಲೆಫ್ ಆಗಲೇ ಮೊಣಕಾಲೂರಿ ಕಲ್ಲಿನ ಸಂದಿಯ ಹುಲ್ಲು ಕೀಳುತ್ತಿದ್ದ.

"ನೀವು ಗಟ್ಟಿಮುಟ್ಟಾಗಿ ಕಾಣ್ತೀರಿ," ಎಂದಳು ಬೋರ್ಗಿಲ್ಡ್ ಓಡ್ವಾರನಿಗೆ. "ಬನ್ನಿ, ನಿಮಗೊಂದು ಒಳ್ಳೇ ಕೆಲಸ ಇದೆ. ಇದನ್ನ ಮಾಡೋನು ಪಾಪ, ಆಸ್ಪತ್ರೇಲಿದಾನೆ."

ಬಾಯಿ ಬಿಟ್ಟರೆ ದನಿ ಗುರುತು ಸಿಗುತ್ತದೆ. ಮಫ್ಲರ್ ಒಳಗಿನಿಂದ "ಹ್ಞೂಂ" ಎನ್ನುವುದನ್ನು ಬಿಟ್ಟು ಓಡ್ವಾರನಿಗೆ ಬೇರೆ ದಾರಿ ಇರಲಿಲ್ಲ. ಐದೇ ನಿಮಿಷದಲ್ಲಿ ಅವನು ಅದೇ ಸಭಾಭವನದ ಅದೇ ಏಣಿಯ ಮೇಲೆ ನಿಂತು ಅದೇ ತಗಡಿನ ಕಾಲುವೆಯಿಂದ ಅವೇ ಕೊಳೆತ ಎಲೆಗಳನ್ನು ಬಾಚುತ್ತಿದ್ದ. ಮಾರ್ಗಿತ್‌ಳನ್ನು ಹುಡುಕಲು ಎರಡು ಸಲ ಕೆಳಗಿಳಿಯಹೋದ. ಎರಡು ಸಲವೂ ಬೋರ್ಗಿಲ್ಡ್ ಬೆರಳು ತೋರಿಸಿ, "ಆ ಮೂಲೆ ಬಾಕಿ ಇದೆ" ಎಂದಳು.

ಅಷ್ಟರಲ್ಲಿ ಸ್ವೆಟರ್ ತೊಟ್ಟು ಮಾರ್ಗಿತ್ ಓಣಿಯಿಂದ ಇಳಿದು ಬಂದಳು. ಏಣಿಯ ಮೇಲಿದ್ದವನು ಮಫ್ಲರನ್ನು ಕಣ್ಣಿನವರೆಗೆ ಎಳೆದುಕೊಂಡ.

"ಮಾರ್ಗಿತ್! ಓಡ್ವಾರನ ಸೊಂಟ ಹೇಗಿದೆ?" ಎಂದು ಬೋರ್ಗಿಲ್ಡ್ ಅವಳ ಎರಡೂ ಕೈ ಹಿಡಿದುಕೊಂಡಳು. "ಆಸ್ಪತ್ರೇಲಿ ಒಬ್ಬನ್ನೇ ಬಿಟ್ಟು ಬಂದ್ಯಾ? ಅವನಿಲ್ದೆ ಈ ಸಲ ದುಗ್ನಾದ್ ಕಷ್ಟ ಆಗೋದು, ಪುಣ್ಯಕ್ಕೆ ಈ ಜರ್ಮನ್ ಮನುಷ್ಯ ಸಿಕ್ದ."

ಮಾರ್ಗಿತ್ ಸುತ್ತ ಕಣ್ಣಾಡಿಸಿದಳು. ಮುಂದಕ್ಕೆ ಹೋಗಿದ್ದ ದುಗ್ನಾದ್ ಕಣ್ಣೆದುರೇ ನಡೆಯುತ್ತಿತ್ತು. ಆಮೇಲೆ ಅವಳ ನೋಟ ಏಣಿಯ ಕಡೆ ಹೊರಳಿತು. ಅವಳ ಮುಖದ ನೇರಕ್ಕೆ ಜರ್ಮನ್ ಮನುಷ್ಯನ ಕಾಲುಗಳಿದ್ದವು. ಆ ಕಾಲುಗಳಲ್ಲಿ, ಕಳೆದ ಚಳಿಗಾಲ ಪೂರ್ತಿ ಕೂತು ಅವಳೇ ಹೆಣೆದ, ಕಣಕಾಲಿನ ಹತ್ತಿರ ಅವಳೇ ತೇಪೆ ಹಾಕಿದ ಕಾಲುಚೀಲಗಳಿದ್ದವು.

ಓಡ್ವಾರ ಕಣ್ಣು ಮುಚ್ಚಿಕೊಂಡ.

"ಏನ್ ಹೇಳ್ಲಿ ಬೋರ್ಗಿಲ್ಡ್," ಎಂದು ಮಾರ್ಗಿತ್ ನಿಟ್ಟುಸಿರು ಬಿಟ್ಟಳು. "ತುಂಬಾ ನರಳ್ತಿದಾರೆ. ಅವರ ಬಟ್ಟೆ ಒಯ್ಯೋಕೆ ಬಂದೆ. ದುಗ್ನಾದ್ ದಿನ ಸುಮ್ನೆ ಹೋಗೋಕೆ ಮನಸ್ಸು ಬರಲ್ಲ, ನಂಗೂ ಒಂದು ಕುಂಚ ಕೊಡಿ."

ಓಡ್ವಾರನಿಗೆ ಹೆಂಡತಿಯ ಮೇಲೆ ಉಕ್ಕಿ ಬಂದ ಪ್ರೀತಿಗೆ ಅಳತೆಯೇ ಇರಲಿಲ್ಲ. ಇಂಥ ಹೆಂಡತಿ ಯಾರಿಗುಂಟು ಎಂದು ಅವನ ಕಣ್ಣು ತುಂಬಿತು. ಆದರೆ ಅವಳು ಇನ್ನೂ ಮಾತು ಮುಗಿಸಿರಲಿಲ್ಲ.

"ಈ ಜರ್ಮನ್ ಯಜಮಾನರು ಎಷ್ಟು ಚೆನ್ನಾಗಿ ಮಾಡ್ತಿದಾರೆ!"

"ಓಡ್ವಾರ ಒಂದು ದಿನಾನೂ ಇಷ್ಟು ಚೊಕ್ಕ ಮಾಡ್ಲಿಲ್ಲ," ಎಂದಳು ಬೋರ್ಗಿಲ್ಡ್.

"ಭವನದ ಹಿಂದಿರೋ ಹಳೇ ಕಕ್ಕಸಿಗೆ ಡಾಂಬರು ಬಳಿಯೋದು ಬಾಕಿ ಇದೆಯಲ್ಲ, ಅದನ್ನೂ ಇವರಿಗೇ ಕೊಡಿ," ಎಂದಳು ಮಾರ್ಗಿತ್. " ಜರ್ಮನ್ನರಿಗೆ ಕೆಲಸ ಕಮ್ಮಿ ಕೊಟ್ರೆ ಬೇಜಾರಾಗ್ತಾರೆ."

ಸರಿ, ಕಕ್ಕಸೂ ಆಯಿತು. ಆಮೇಲೆ ಸೌದೆ ಒಟ್ಟಿದ್ದಾಯಿತು. ಕಸದ ಗಾಡಿ ತಳ್ಳಿದ್ದಾಯಿತು. ಪ್ರತಿ ಕೆಲಸ ಮುಗಿದಾಗಲೂ ಮಾರ್ಗಿತ್ ದೂರದಿಂದಲೇ ಇನ್ನೊಂದನ್ನು ನೆನಪು ಮಾಡಿಕೊಡುತ್ತಿದ್ದಳು. ಮಫ್ಲರ್ ಬಿಚ್ಚುವ ಹಾಗಿಲ್ಲವಾಗಿ ಓಡ್ವಾರನಿಗೆ ಒಂದು ತುಂಡು ದೋಸೆಯೂ ದಕ್ಕಲಿಲ್ಲ. ಅಲ್ಲಿನವರು ಹೂವಿನಾಕಾರದಲ್ಲಿ ಸುಡುವ ಸಿಹಿದೋಸೆ ಅದು. ಡೆಟ್ಲೆಫ್ ಅವನ ಪಕ್ಕದಲ್ಲೇ ಕೂತು ನಾಲ್ಕು ತಿಂದ.

ಕಾಫಿ ಹೊತ್ತಿಗೆ ಸ್ವೆರ್ರೆ ಗಂಟಲು ಸರಿಮಾಡಿಕೊಂಡು ಎದ್ದ. "ಅಲ್ಲ ಬೋರ್ಗಿಲ್ಡ್, ಓಡ್ವಾರನ ಸೊಂಟ ಹೀಗಾದ್ರೆ ಬಾವುಟದ ಗತಿ ಏನು? ಬೇಕಾದ್ರೆ ನಾನು ಹಿಡೀತೀನಪ್ಪ. ನಂಗೇನು ಆಸೆ ಇಲ್ಲ, ಊರಿಗೋಸ್ಕರ."

"ಮಾರ್ಗಿತ್, ಹದಿನೇಳಕ್ಕೆ ಹುಷಾರಾಗ್ತಾನಾ ಅವನು?" ಎಂದು ಬೋರ್ಗಿಲ್ಡ್ ಕೇಳಿದಳು.

ಕಸದ ಗಾಡಿಯ ಪಕ್ಕ ನಿಂತಿದ್ದ ಜರ್ಮನ್ ಅತಿಥಿ ಟೋಪಿಯ ಗರಿ ಉದುರುವ ಹಾಗೆ ಹೌದು ಹೌದೆಂದು ತಲೆ ಆಡಿಸಿದ. ಮಾರ್ಗಿತ್ ಅವನನ್ನೇ ನೋಡುತ್ತ, ದುಃಖದಿಂದ ಹೇಳಿದಳು:

"ಚಮಚಕ್ಕಿಂತ ಭಾರದ್ದು ಏನೂ ಎತ್ತಬಾರದು ಅಂದಿದಾರೆ ಡಾಕ್ಟರು."

ಸ್ವೆರ್ರೆ ಆಗಲೇ ಎದೆ ಸೆಟೆಸಿದ್ದ. ಬೋರ್ಗಿಲ್ಡ್ ಅವನತ್ತ ತಿರುಗಿಯೂ ನೋಡಲಿಲ್ಲ.

"ಗಂಡ ಆಸ್ಪತ್ರೇಲಿ ಮಲಗಿದ್ರೂ ದುಗ್ನಾದ್ ಬಿಡದೆ ಬಂದಳಲ್ಲ, ಬಾವುಟ ಹಿಡಿಯೋ ಯೋಗ್ಯತೆ ಇವಳಿಗಲ್ದೆ ಇನ್ಯಾರಿಗಿದೆ? ಈ ಸಲ ಮಾರ್ಗಿತ್ ಹಿಡೀತಾಳೆ!"

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಏನೆಂದು ತಿಳಿಯದಿದ್ದರೂ ಪ್ರವಾಸಿಗಳೂ ತಟ್ಟಿದರು. ಜಲಪಾತವನ್ನು ಸಂಪೂರ್ಣ ಮರೆತಿದ್ದ ಡೆಟ್ಲೆಫ್ ಶಿಳ್ಳೆ ಹೊಡೆದು, ಓಡ್ವಾರನ ಪಕ್ಕೆಗೆ ತಿವಿದು, "ತಟ್ಟಿ ಸಾರ್, ತಟ್ಟಿ!" ಎಂದ. ಎಲ್ಲರ ಕಣ್ಣೂ ತನ್ನ ಮೇಲಿದ್ದುದರಿಂದ ಓಡ್ವಾರ ಡಾಂಬರು ಮೆತ್ತಿದ ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದ. ಕೈಗಳು ಒಂದಕ್ಕೊಂದು ಅಂಟಿಕೊಂಡವು.

ಸಂಜೆ ಹಡಗಿಗೆ ಮರಳುವ ದೋಣಿಯಲ್ಲಿ ಗಂಡಹೆಂಡತಿ ಎದುರುಬದುರು ಕೂತರು. ದಡ ದೂರವಾಯಿತು. ಓಡ್ವಾರ ಮಫ್ಲರ್ ಕೆಳಗೆಳೆದು ಮೆಲ್ಲಗೆ ಹೇಳಿದ:

"ತಪ್ಪಾಯ್ತು ಮಾರಾಯ್ತಿ. ಬಾವುಟ ಹೋದ್ರೆ ಹೋಗ್ಲಿ. ಹದಿನೇಳಕ್ಕೆ ಹೊಟ್ಟೆನೋವು ಅಂತ ಹೇಳಿ ನಾನು ಮನೇಲೇ ಇದ್ಬಿಡ್ತೀನಿ."

"ಅದೆಲ್ಲ ಆಗಲ್ಲ," ಎಂದಳು ಮಾರ್ಗಿತ್, ಸ್ವೆಟರಿನ ತೋಳು ಮಡಿಸುತ್ತ. "ನೀನಿಲ್ದೆ ಮೆರವಣಿಗೆ ಹೊರಡಲ್ಲ ಅಂತ ಬೋರ್ಗಿಲ್ಡ್ ಹಟ ಹಿಡಿದಿದಾಳೆ. ನಿಂಗೋಸ್ಕರ ಗಾಲಿಕುರ್ಚಿ ತರಿಸ್ತಾಳಂತೆ. ನನ್ನ ಹಿಂದೇನೆ ಬರ್ತೀಯ. ತಳ್ಳೋಕೆ ಸ್ವೆರ್ರೆ ಒಪ್ಕೊಂಡಿದಾನೆ."