ಶಾಖ ಕುಡಿಯದ ಪಾತ್ರೆಯ ಮಾಲೀಕರಿಗೆ

ಕಾಲೇಜು ಪ್ರವೇಶ ಪರೀಕ್ಷೆಗೆ ವಿಜ್ಞಾನದ ಪ್ರಶ್ನೆಪತ್ರಿಕೆ ಬರೆದು, ಉತ್ತರಗಳನ್ನೂ ತಾವೇ ತಿದ್ದಿದ ಪ್ರೊಫೆಸರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಮಾಟುಂಗದ ಹೋಟೆಲೊಂದರ ಅಡುಗೆಮನೆಯಿಂದ, ಇಡ್ಲಿಯ ಹಬೆ ಒರೆಸಿಕೊಂಡ ಕೈಗಳನ್ನು ಜೋಡಿಸಿ ಮೋನಪ್ಪನು ಮಾಡುವ ನಮಸ್ಕಾರಗಳು. ತಾವೂ, ತಮ್ಮ ಕನ್ನಡಕವೂ, ತಮ್ಮ ಕೆಂಪು ಶಾಯಿಯ ಪೆನ್ನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಊರ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವನು. ಐದನೆಯದು ಆ ಶಾಲೆಯಲ್ಲಿರಲಿಲ್ಲ. ಅದು ಶಾಲೆಯ ಕೊರತೆಯೇ ಹೊರತು ನನ್ನದಲ್ಲ.

ನನ್ನ ಅಕ್ಕ ಶೀಲಾವತಿಯ ಮಗಳು ವಿನೋದಿನಿ ಈ ವರ್ಷ ತಮ್ಮ ಪರೀಕ್ಷೆಗೆ ಕುಳಿತಳು. ವಿಜ್ಞಾನದ ಪ್ರಶ್ನೆಗಳನ್ನು ಮಣಿಸುವ ಉಪಾಯಗಳನ್ನು ಅವಳಿಗೆ ಕಲಿಸಿದವನು ನಾನು, ನಾನೊಬ್ಬನೇ. ಹತ್ತು ಮೇಜಿಗೆ ಒಟ್ಟಿಗೆ ಗಿರಾಕಿಗಳು ಬಂದಾಗ ಒಳ್ಳೆಯ ಮಾಣಿಯಾದವನು ಮೊದಲು ಎಲ್ಲರ ಆರ್ಡರ್ ಕೇಳಿಕೊಳ್ಳುತ್ತಾನೆ, ತಯಾರಿರುವ ಇಡ್ಲಿ ಕಾಫಿ ಕೊಟ್ಟುಬಿಡುತ್ತಾನೆ, ಮಸಾಲೆ ದೋಸೆಯವರನ್ನು ಸ್ವಲ್ಪ ಕಾಯಿಸುತ್ತಾನೆ, ಆದರೆ ಯಾರನ್ನೂ ಬರಿಹೊಟ್ಟೆಯಲ್ಲಿ ಎಬ್ಬಿಸುವುದಿಲ್ಲ. ಹುಡುಗಿಯೂ ಹಾಗೆಯೇ ಮೊದಲು ಇಡೀ ಪತ್ರಿಕೆ ಓದಿ, ಬಾಯಿಪಾಠದ ವ್ಯಾಖ್ಯೆಗಳನ್ನು ಬಡಿಸಿ, ಲೆಕ್ಕಗಳನ್ನು ಆಮೇಲೆ ಕಾವಲಿಗೆ ಹಾಕಿ, ತಮ್ಮ ಒಂದು ಪ್ರಶ್ನೆಯನ್ನೂ ಉಪವಾಸ ಕಳಿಸಲಿಲ್ಲ.

ಇಷ್ಟರವರೆಗೆ ಎಲ್ಲವೂ ಚೆನ್ನಾಗಿತ್ತು. ಏಳನೆಯ ಪ್ರಶ್ನೆಯಲ್ಲಿ ತಾವು, ಮೂವತ್ತು ಡಿಗ್ರಿಯ ಎರಡು ಪೌಂಡ್ ನೀರಿಗೆ ತೊಂಬತ್ತು ಡಿಗ್ರಿಯ ಒಂದು ಪೌಂಡ್ ನೀರು ಬೆರೆಸಿದರೆ ಎಷ್ಟು ಡಿಗ್ರಿಯಾಗುತ್ತದೆ ಎಂದು ಕೇಳಿ, ‘ಪಾತ್ರೆ ಹೀರುವ ಶಾಖವನ್ನು ಗಣನೆಗೆ ತೆಗೆದುಕೊಳ್ಳಬೇಡಿ’ ಎಂದು ಅಪ್ಪಣೆ ಕೊಡಿಸಿದ್ದೀರಿ. ಬಿಸಿನೀರು ಮುಟ್ಟುವ ಮೊದಲು ಪಾತ್ರೆ ಯಾವುದೆಂದು ನೋಡು ಎಂಬುದು ನನ್ನ ಉಪಾಯಗಳಲ್ಲೆಲ್ಲ ದೊಡ್ಡದು. ಆದ್ದರಿಂದ ಅವಳು ನಮ್ಮ ಅಡುಗೆಮನೆಯ ಪಾತ್ರೆಗಳ ತೂಕವನ್ನೆಲ್ಲ ನೆನಪಿಸಿಕೊಂಡು, ಹಿತ್ತಾಳೆಯಾದರೆ ಇಷ್ಟು, ತಾಮ್ರವಾದರೆ ಇಷ್ಟು, ಮಣ್ಣಿನ ಗಡಿಗೆಯಾದರೆ ಇಷ್ಟು ಎಂದು ಒಂದಕ್ಕೆ ಮೂರು ಉತ್ತರ ಬರೆದಳು. ಐವತ್ತು ಎಂಬ ಒಂದೇ ಉತ್ತರ ಬಯಸಿದ್ದ ತಾವು ಮೂರಕ್ಕೂ ಸೇರಿಸಿ ಒಂದು ದುಂಡನೆಯ ಸೊನ್ನೆ ದಯಪಾಲಿಸಿದಿರಿ.

ಒಂದೇ ಅಂಕ ಕಡಿಮೆಯಾಗಿ ಅವಳ ಹೆಸರು ಮೊದಲ ಪಟ್ಟಿಯಲ್ಲಿ ಬರಲಿಲ್ಲ. ಎರಡನೆಯದೂ ಕೊನೆಯದೂ ಆದ ಪಟ್ಟಿಯನ್ನು ಸೋಮವಾರ ಹಚ್ಚುತ್ತಾರಂತೆ. ಅಕ್ಕನಾದರೋ ‘ನಿನ್ನ ಬುದ್ಧಿ ದೋಸೆ ಹಿಟ್ಟಿಗೆ ಸಾಕು ಮಾರಾಯ, ಮಗಳ ತಲೆಗೆ ಯಾಕೆ ಸುರಿದೆ’ ಎನ್ನುತ್ತಾಳೆ. ಹುಡುಗಿ ಚಾಳಿನ ಮೆಟ್ಟಿಲಲ್ಲಿ ಕುಳಿತು, ‘ಮಾವ, ಪಾತ್ರೆ ಬೇಡ ಅಂತ ಅಲ್ಲೇ ಬರೆದಿತ್ತು, ನಿಮ್ಮ ಮಾತು ಕೇಳಿ ಕೆಟ್ಟೆ’ ಎಂದು ಮೂಗೊರೆಸಿಕೊಳ್ಳುತ್ತಾಳೆ.

ತಮ್ಮ ಮೇಲೆ ನನಗೆ ಕೋಪವಿಲ್ಲ, ಹೊಟ್ಟೆಕಿಚ್ಚು ಮಾತ್ರ. ಶಾಖ ಕುಡಿಯದ ಅಂಥ ಪಾತ್ರೆಗಳು ಎರಡು ಡಜನ್ ಕಳುಹಿಸಿಕೊಟ್ಟರೆ ನಮ್ಮ ಹೋಟೆಲಿನ ಅರ್ಧ ಇದ್ದಿಲು ಉಳಿಯುತ್ತದೆ. ನಾಲ್ಕನೆಯ ಪ್ರಶ್ನೆಯಲ್ಲಿ ತಾವು ತೂಗುಹಾಕಿರುವ ಘರ್ಷಣೆಯಿಲ್ಲದ ರಾಟೆಯನ್ನೂ ತೂಕವಿಲ್ಲದ ಹಗ್ಗವನ್ನೂ ಜೊತೆಗೇ ಕಳುಹಿಸಿದರೆ, ಮೂರನೆಯ ಮಹಡಿಗೆ ಅಕ್ಕಿ ಮೂಟೆ ಎಳೆಯುವ ನಮ್ಮ ಚೆನ್ನಯನ ಬೆನ್ನು ತಮ್ಮನ್ನು ಹರಸುತ್ತದೆ. ಒಂಬತ್ತನೆಯ ಪ್ರಶ್ನೆಯ ರೈಲು ಎಲ್ಲಿಯೂ ನಿಧಾನಿಸದೆ ಒಂದೇ ವೇಗದಲ್ಲಿ ಓಡುತ್ತದೆಂದು ಓದಿ ಬಹಳ ಸಂತೋಷವಾಯಿತು. ನಾನು ಮಾಟುಂಗದಲ್ಲಿ ಅದನ್ನು ಹತ್ತುವುದು ಹೇಗೆ, ವಿಕ್ರೋಳಿಯಲ್ಲಿ ಇಳಿಯುವುದು ಹೇಗೆ ಎಂಬುದೊಂದನ್ನು ತಿಳಿಸಿದರೆ ಸಾಕು.

ಕೊನೆಯದಾಗಿ ಒಂದು ಅರಿಕೆ. ಭಾನುವಾರ ತಾವು ತಮ್ಮ ಪಾತ್ರೆಯನ್ನೂ ಥರ್ಮಾಮೀಟರನ್ನೂ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ದಯಮಾಡಿಸಬೇಕು. ನೀರು ನನ್ನದು. ಬೆರೆಸಿದ ನೀರು ಐವತ್ತು ಮುಟ್ಟಿದರೆ ಅಕ್ಕ ಹೇಳಿದ್ದನ್ನೆಲ್ಲ ನಾನು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಮುಟ್ಟದಿದ್ದರೆ, ಆ ಒಂದು ಅಂಕವನ್ನು ಸೋಮವಾರಕ್ಕೆ ಮೊದಲು ಹುಡುಗಿಗೆ ಕೊಟ್ಟುಬಿಡಿ. ಅಪ್ಪಣೆ ಮೀರಿದ ತಪ್ಪು ನನ್ನದು, ಸಾಹೇಬರೇ. ಲೆಕ್ಕ ಮಾಡಿದ ಬುದ್ಧಿ ಅವಳದು.

ಪಾತ್ರೆ ಪರಿವಾರ ಸಮೇತ ತಮ್ಮ ವಿಶ್ವಾಸಿ,
ಮೋನಪ್ಪ

ಮರೆತ ಮಾತು: ತಾವು ಬಂದಾಗ ಬಿಸಿ ಬಿಸಿ ಕಾಫಿ ನಮ್ಮ ಕಡೆಯಿಂದ. ಲೋಟವನ್ನು ಗಣನೆಗೆ ತೆಗೆದುಕೊಳ್ಳಬಾರದೆಂದು ಮಾಣಿಗೆ ಈಗಲೇ ಹೇಳಿಟ್ಟಿದ್ದೇನೆ. ತಾವು ಬೊಗಸೆ ಒಡ್ಡಿದರೆ ಆಯಿತು.