ಕ್ಲಚ್ ಮಹಾತ್ಮೆ

ರೊಜೇರನ ಎಡಗೈಯನ್ನು ಅವನ ಹೆಂಡತಿ ಲೊರೆಟ್ ಎಂದೂ ಮೆಚ್ಚಿದವಳಲ್ಲ. ತಟ್ಟೆ ತೊಳೆಯಲು ಹೋದರೆ ಅದು ಬೀಳಿಸುತ್ತಿತ್ತು. ಮೊಳೆ ಹಿಡಿದರೆ ಸುತ್ತಿಗೆಯ ಕೆಳಗೆ ಸಿಕ್ಕುತ್ತಿತ್ತು. ಈಚೆಗೆ ಸಂಧಿವಾತವೂ ಸೇರಿಕೊಂಡು ಜಾಮ್ ಬಾಟಲಿಯ ಮುಚ್ಚಳವನ್ನೂ ತೆರೆಯಲಾರದಾಗಿತ್ತು. ಆದರೆ ಮೋಟಾರ್ ಸೈಕಲ್ಲಿನ ಕ್ಲಚ್ ಹಿಡಿದರೆ ಅದು ಕೈಯಲ್ಲ, ಸಾಕ್ಷಾತ್ ಕಲೆ ಎಂದು ರೊಜೇರ್ ನಲವತ್ತು ವರ್ಷಗಳಿಂದ ನಂಬಿದ್ದ. (ಬೇರೆ ಯಾರೂ ನಂಬಿರಲಿಲ್ಲ ಎಂಬುದು ಬೇರೆ ಮಾತು.)

ಅರವತ್ತೇಳನೇ ವಯಸ್ಸಿಗೆ ಅವನ ಮೊಣಕಾಲು, ಎರಡು ಚಕ್ರದ ಗಾಡಿಯನ್ನು ಇನ್ನು ಆನಿಸಿ ನಿಲ್ಲಿಸಲಾರೆ ಎಂದು ರಾಜೀನಾಮೆ ಕೊಟ್ಟಿತು. ಮುಂದೆ ಎರಡು, ಹಿಂದೆ ಒಂದು ಚಕ್ರದ ಮೋಟಾರ್ ಸೈಕಲ್ ಕೊಳ್ಳುವುದೆಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದರು. ಬಣ್ಣದ ವಿಷಯದಲ್ಲೂ ಒಪ್ಪಿದರು. ಒಂದೇ ವಾರದಲ್ಲಿ ಎರಡು ಒಪ್ಪಂದಗಳಾದದ್ದು ಅವರ ದಾಂಪತ್ಯದಲ್ಲಿ ಅದೇ ಮೊದಲು. ಅಷ್ಟರಲ್ಲಿ ಷೋರೂಮಿನ ಗೈತಾನ್ ಬಾಯಿ ಹಾಕಿದ.

"ಗೇರು ಯಾವ ಥರದ್ದು ಬೇಕು? ಕ್ಲಚ್ ಹಿಡ್ದು ಕಾಲಲ್ಲಿ ಹಾಕೋದಾ, ಇಲ್ಲ ಸೆಮಿ ಆಟೊಮ್ಯಾಟಿಕ್ಕಾ? ಸೆಮೀಲಿ ಕ್ಲಚ್ಚೇ ಇರಲ್ಲ. ಹೆಬ್ಬೆರಳಲ್ಲಿ ಗುಂಡಿ ಒತ್ತಿದ್ರೆ ಗೇರು ಮೇಲಕ್ಕೆ. ನಿಧಾನ ಆದ್ರೆ ತಾನೇ ಇಳಿಸ್ಕೊಳತ್ತೆ."

"ಕ್ಲಚ್" ಎಂದ ರೊಜೇರ್.

"ಗುಂಡಿ" ಎಂದಳು ಲೊರೆಟ್.

ಆಮೇಲಿನ ಆರು ವಾರ ಅವರ ಮನೆಯಲ್ಲಿ ಬಟಾಣಿ ಸೂಪು ಬಿಸಿಯಾಗಿ ಯಾರ ಬಾಯಿಗೂ ಬೀಳಲಿಲ್ಲ.

"ಗುಂಡಿ ಒತ್ತೋಕೆ ಅದೇನು ಲಿಫ್ಟಾ?"

"ಲಿಫ್ಟು ಮುಗ್ಗರಿಸಲ್ಲ. ಹಿಂದೆ ಕೂತ ನನ್ನ ಹೆಲ್ಮೆಟ್ಟು ಹೋಗಿ ನಿನ್ನ ಹೆಲ್ಮೆಟ್ಟಿಗೆ ಎಷ್ಟು ಸಲ ಗುದ್ದಿದೆ, ಲೆಕ್ಕ ಇಟ್ಟಿದೀಯಾ?"

"ಅದು ಪ್ರೀತಿ, ಲೊರೆಟ್."

"ಅದು ಸೆಕೆಂಡ್ ಗೇರು."

ರೊಜೇರ್ ಸೋಲುವವನಲ್ಲ. "ಕ್ಲಚ್ ಅಂದ್ರೆ ಸಂಭಾಷಣೆ ಕಣೇ. ಎಂಜಿನ್ನು ಹೇಳತ್ತೆ, ಕೈ ಕೇಳಿಸ್ಕೊಳತ್ತೆ. ಯಾವಾಗ ಬಿಡ್ಬೇಕು, ಎಷ್ಟು ಬಿಡ್ಬೇಕು ಅಂತ ನಾವೇ ತೀರ್ಮಾನ ಮಾಡ್ತೀವಲ್ಲ, ಅದೇ ಸವಾರಿ. ಮಿಕ್ಕಿದ್ದೆಲ್ಲ ಸೋಫಾ" ಎಂದು ದಿನವೂ ಪ್ರವಚನ ಮಾಡುತ್ತಿದ್ದ. ಒಳಗೊಂದು ಅಳುಕೂ ಇತ್ತು. ಸೇಂಟ್ ಒವಿಲಾ ಊರಿನ ಸವಾರರಲ್ಲಿ ಅವನೇ ಹಿರಿಯ. ಗುಂಡಿಯ ಗಾಡಿ ತಂದರೆ ಆ ಪಟ್ಟದ ಮರ್ಯಾದೆಯೇನಾದೀತು?

ಕೊನೆಗೆ ಗೈತಾನನೇ ದಾರಿ ಹೇಳಿದ. "ಭಾನುವಾರ ಇಗರ್ಜೀಲಿ ಗಾಡಿಗಳಿಗೆ ಆಶೀರ್ವಾದ ಇದೆಯಲ್ಲ, ಎರಡೂ ತರ್ತೀನಿ. ನೀನು ಕ್ಲಚ್ಚಿಂದು ಓಡ್ಸು, ಲೊರೆಟ್ ಸೆಮಿ ಓಡಿಸ್ಲಿ."

"ಅವಳು ಓಡ್ಸೋದಾ? ಲೈಸೆನ್ಸು?"

ಲೊರೆಟ್ ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. "ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ನಲ್ಲ, ಹೋಗಿರ್ಲಿಲ್ಲ. ಮೂರು ಚಕ್ರದ ತರಬೇತಿಗೆ ಹೋಗಿದ್ದೆ."

ಹಿಮ ಕರಗಿ ಗಾಡಿಗಳು ಗ್ಯಾರೇಜಿನಿಂದ ಹೊರಬಂದ ಮೇಲೆ, ಮೇ ತಿಂಗಳಲ್ಲಿ, ಊರಿನ ಸವಾರರೆಲ್ಲ ಸಾಲಾಗಿ ಇಗರ್ಜಿಯ ಏರು ಹತ್ತುತ್ತಾರೆ. ಮೇಲೆ ಮೆಟ್ಟಿಲ ಬಳಿ ಫಾದರ್ ಕ್ಲೆಮಾಂ ಒಂದೊಂದೇ ಗಾಡಿಗೆ ಪವಿತ್ರ ಜಲ ಚಿಮುಕಿಸುತ್ತಾರೆ. ಹಿರಿಯ ಸವಾರ ಎಲ್ಲರಿಗಿಂತ ಕೊನೆಗೆ ಬರುವುದು ಪದ್ಧತಿ. ಎಲ್ಲರೂ ಮೇಲೆ ನಿಂತು ಅವನ ಗತ್ತನ್ನು ನೋಡಲಿ ಎಂದು.

ಆ ಸಲ ಮುಂದೆ ಅರವತ್ತೆರಡು ಗಾಡಿಗಳಿದ್ದವು. ಫಾದರ್ ಪ್ರತಿಯೊಬ್ಬರನ್ನೂ ತಾಯಿಯ ಆರೋಗ್ಯ ಹೇಗಿದೆ ಎಂದು ವಿಚಾರಿಸುವವರು. ಕ್ಲಚ್ ಹಿಡಿ, ಎರಡು ಮಾರು ಹೋಗು, ನಿಲ್ಲು, ಮತ್ತೆ ಹಿಡಿ. ಇಪ್ಪತ್ತನೇ ಗಾಡಿಯ ಹೊತ್ತಿಗೆ ರೊಜೇರನ ಬೆರಳು ಉರಿಯಿತು. ನಲವತ್ತಕ್ಕೆ ಊದಿತು. ಅರವತ್ತಕ್ಕೆ ಆ ಕೈ ತನ್ನದೋ ಪಕ್ಕದವನದೋ ತಿಳಿಯದಾಯಿತು.

ಅವನ ಮುಂದೆಯೇ ಲೊರೆಟ್ ಇದ್ದಳು. ಅವಳು ಬೆನ್ನು ನೆಟ್ಟಗೆ ಮಾಡಿ, ಹಾಲಿನ ಮೇಲೆ ಕೆನೆ ತೇಲಿದಂತೆ ಏರು ಹತ್ತಿ, ಫಾದರ್ ಮುಂದೆ ನಿಂತು, ನೀರು ಹಾಕಿಸಿಕೊಂಡು, ಪುಸ್ತಕದ ಹಾಳೆ ತಿರುವಿದ ಹಾಗೆ ಹೆಬ್ಬೆರಳಾಡಿಸಿ ಸಾಗಿಹೋದಳು. ಹೆಲ್ಮೆಟ್ಟು ಒಮ್ಮೆಯೂ ಅಲುಗಲಿಲ್ಲ. ರೊಜೇರನ ಎದೆ ಉಬ್ಬಿತು. "ನನ್ನ ಹೆಂಡ್ತಿ!" ಎಂದು ಕೂಗಬೇಕೆನಿಸಿತು. ಆ ಸಂಭ್ರಮದಲ್ಲಿ ಬೆರಳು ಸಡಿಲವಾಯಿತು.

ಗಾಡಿ ಕುಪ್ಪಳಿಸಿ, ಫಾದರ್ ಪಾದದ ಬಳಿ ಪ್ರಾಣ ಬಿಟ್ಟಿತು. ಫಾದರ್ ಚಿಮುಕಿಸಿದರು. ರೊಜೇರ್ ಎಂಜಿನ್ ಎಬ್ಬಿಸಿದ. ಇನ್ನೊಂದು ಕುಪ್ಪಳ, ಮತ್ತೆ ಮೌನ. ಫಾದರ್ ಇನ್ನಷ್ಟು ಭಕ್ತಿಯಿಂದ ಚಿಮುಕಿಸಿದರು. ಮೂರನೇ ಸಲಕ್ಕೆ ನೀರಿನ ಬಕೆಟ್ಟನ್ನೇ ಎತ್ತಿಕೊಂಡರು.

"ಬೇಡಿ ಫಾದರ್, ಗಾಡಿಗೆ ಏನೂ ಆಗಿಲ್ಲ!"

"ಗೊತ್ತು ರೊಜೇರ್. ಇದು ನಿಂಗೆ."

ಇಗರ್ಜಿಯ ಸಭಾಂಗಣದಲ್ಲಿ, ಬಕೆಟ್ಟಿನ ನೀರಿಗೆ ಪೂರ್ತಿ ನೆನೆದು ಕುಳಿತ ರೊಜೇರ್, ಕಾಫಿಯನ್ನು ಬಲಗೈಯಲ್ಲಿ ಹಿಡಿದು ದೊಡ್ಡ ಮನಸ್ಸು ಮಾಡಿದ.

"ಏನು ಓಡ್ಸಿದೆ ಲೊರೆಟ್! ನಲವತ್ತು ವರ್ಷದಲ್ಲಿ ನಾನು ಅಷ್ಟು ನುಣ್ಣಗೆ ಓಡ್ಸಿಲ್ಲ. ನೀನೇ ಗೆದ್ದೆ. ಗುಂಡೀದೇ ತಗೊಳ್ಳೋಣ."

"ಬೇಡ" ಎಂದಳು ಲೊರೆಟ್.

"ಆಂ?"

"ಅದು ಎಲ್ಲಾ ತಾನೇ ಮಾಡತ್ತೆ. ನಾನು ಯೋಚ್ನೆ ಮಾಡೋದ್ರೊಳಗೆ ಗೇರು ಇಳಿಸಿರತ್ತೆ. ಬೇರೆಯೋರು ತೀರ್ಮಾನ ಮಾಡೋದು, ನಾನು ಸುಮ್ನೆ ಕೂತಿರೋದು, ಇದು ನಂಗೆ ನಲವತ್ತು ವರ್ಷ ಆಯ್ತಪ್ಪ. ಆರು ವಾರ ನೀನು ಹೇಳಿದ್ದೆಲ್ಲ ಕೇಳ್ತಾ ಇದ್ದೆ. ನೀನು ಹೇಳಿದ್ದೇ ಸರಿ. ಗೈತಾನ್‌ಗೆ ಕ್ಲಚ್ಚಿಂದೇ ಅಂತ ಹೇಳಿದೀನಿ."

ತಾನು ಹೇಳಿದ್ದೇ ಸರಿ ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಬಾಯಿಂದ ಕೇಳಿದ ಆನಂದದಲ್ಲಿ ರೊಜೇರನ ಕಣ್ಣು ತುಂಬಿತು. ಆಮೇಲೆ ಅವನ ದೃಷ್ಟಿ ತೊಡೆಯ ಮೇಲೆ ಬನ್ನಿನಂತೆ ಊದಿ ಬಿದ್ದಿದ್ದ ಕೈಯ ಮೇಲೆ ಹೋಯಿತು.

"ಅಲ್ಲ... ಈ ಕೈಯಲ್ಲಿ ಕ್ಲಚ್ ಹೇಗೆ ಹಿಡೀಲಿ?"

"ನಿಂಗ್ಯಾಕೆ ಕ್ಲಚ್ಚು?" ಎಂದಳು ಲೊರೆಟ್. "ಹಿಂದಿನ ಸೀಟಿಗೆ ಎರಡೂ ಪಕ್ಕ ಹಿಡಿಕೆ ಇದೆ. ಬಲಗೈಯಲ್ಲಿ ಹಿಡ್ಕೊ."

ಗೈತಾನ್ ಆರ್ಡರ್ ಫಾರಂ ತಂದ. ಲೊರೆಟ್ ಸಹಿ ಹಾಕಿದಳು.

"ಇನ್ನೊಂದೇ ಪ್ರಶ್ನೆ. ಹಿಂದಿನ ಸೀಟು ಬಿಸಿಯಾಗೋ ವ್ಯವಸ್ಥೆ ಬೇಕಾ?" ಎಂದು ಗೈತಾನ್ ಕೇಳಿದ.

ಇಬ್ಬರೂ ರೊಜೇರನ ಕಡೆ ತಿರುಗಿದರು. ಇಡೀ ವ್ಯವಹಾರದಲ್ಲಿ ಅವನ ತೀರ್ಮಾನಕ್ಕೆ ಬಿಟ್ಟ ವಿಷಯ ಅದೊಂದೇ. ರೊಜೇರ್ ಒದ್ದೆ ಪ್ಯಾಂಟಿನಲ್ಲಿ ಸ್ವಲ್ಪ ಮಿಸುಕಾಡಿ, ಹಿರಿಯ ಸವಾರನಿಗೆ ತಕ್ಕ ಗಾಂಭೀರ್ಯದಿಂದ ಹೇಳಿದ:

"ಬೇಕು."