ನಡುಗುವ ಕಾರು, ಖಾಲಿ ಎಡಸೀಟು

ವಾಹನಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ತಿಳಿವಳಿಕೆ ಇದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಈ ನಂಬಿಕೆಗೆ ಆಧಾರ ಇಷ್ಟೇ: ನನ್ನ ಹತ್ತಿರ ಒಂದು ಕೆಂಪು ಕಾರು ಇದೆ, ಮತ್ತು ಬೈಲಹೊಂಗಲದ ಬಜಾರಿನಲ್ಲಿ ಅದು ಹಾದುಹೋದರೆ ಜನ ತಿರುಗಿ ನೋಡುತ್ತಾರೆ. ಮೈ ಚಿಕ್ಕದು, ಎಂಜಿನ್ ದೊಡ್ಡದು. ಮುಟ್ಟಿದರೆ ಹಾರುವ ಜಾತಿ. ಹದಿನಾಲ್ಕು ವರ್ಷವಾದರೂ ಹಾರುವುದನ್ನು ಬಿಟ್ಟಿಲ್ಲ. ಆದರೆ ಕಳೆದ ವರ್ಷ ನಿಂತಲ್ಲಿ ನಡುಗಲು ಶುರು ಮಾಡಿತು. ಜನ ತಿರುಗಿ ನೋಡುತ್ತಿದ್ದದ್ದು ಅದಕ್ಕೇ ಎಂಬುದು ನನಗೆ ತಡವಾಗಿ ತಿಳಿಯಿತು.

ನಾನು, ನನ್ನ ಹೆಂಡತಿ ಶೈಲಾ ಇಬ್ಬರೂ ಕೆಲಸಕ್ಕೆ ಸವದತ್ತಿಗೆ ಹೋಗುವವರು. ನಾನು ಒಂದು ಸಣ್ಣ ಕಚೇರಿಯ ಗುಮಾಸ್ತ, ಅವಳು ಶಾಲೆಯ, ಅಂದರೆ ನಮ್ಮ ಮಾತಿನ ಸಾಲಿಯ, ಶಿಕ್ಷಕಿ. ಒಂಬತ್ತು ವರ್ಷ ಈ ಕಾರಿನಲ್ಲಿ ಜೊತೆಯಾಗಿ ಓಡಾಡಿದೆವು. ಮನೆಯಲ್ಲಿ ಮಾತಾಡಲು ಯಾರಿಗೆ ಪುರಸೊತ್ತು? ನಮ್ಮ ಸಂಸಾರದ ಮಾತೆಲ್ಲ ನಡೆದದ್ದು ಆ ದಾರಿಯಲ್ಲೇ. ಅವಳು ಸಾಲಿಯ ಕಥೆ ಶುರು ಮಾಡಿದರೆ ಅದು ಗೇಟಿನ ಮುಂದೆ ಅರ್ಧಕ್ಕೆ ನಿಲ್ಲುತ್ತಿತ್ತು, ಸಂಜೆ ಅಲ್ಲಿಂದಲೇ ಮುಂದುವರಿಯುತ್ತಿತ್ತು.

ನಡುಕ ಬಂದ ಮೇಲೆ ತೊಂದರೆಯಾಯಿತು. ಅವಳು ಕಾರಿನಲ್ಲೇ ಮಕ್ಕಳ ನೋಟುಬುಕ್ಕು ತಿದ್ದುವವಳು. ಸರಿ ಎಂದು ಗುರುತು ಹಾಕಲು ಹೋದರೆ ಪೆನ್ನು ಕುಣಿದು ತಪ್ಪಿನ ಗುರುತು ಬೀಳುತ್ತಿತ್ತು. ಇಡೀ ನಾಲ್ಕನೆಯ ತರಗತಿ ಒಂದೇ ದಿನ ಗಣಿತದಲ್ಲಿ ನಪಾಸಾಯಿತು. ಒಂದು ಸೋಮವಾರ ಅವಳು, "ನಾ ಇವತ್ತಿಂದ ಬಸ್ಸಿಗೆ ಹೋಗತೇನಿ" ಎಂದು ಚೀಲ ಹೆಗಲಿಗೇರಿಸಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಬೇರೆ. ಪುಕ್ಕಟೆಯ ಜೊತೆ ಪೈಪೋಟಿ ಮಾಡಲು ಯಾವ ಗಂಡನಿಂದ ಸಾಧ್ಯ?

ದಾರಿಯುದ್ದಕ್ಕೂ ನನ್ನ ಕಣ್ಣು ಖಾಲಿ ಎಡಸೀಟಿನ ಕಡೆಗೇ ಹೋಗುತ್ತಿತ್ತು. ಅವಳ ಹೆಡ್‌ಮಿಸ್ಟ್ರೆಸ್ಸರ ಮಗಳನ್ನು ನೋಡಲು ರಾಮದುರ್ಗದಿಂದ ಗಂಡಿನ ಕಡೆಯವರು ಬರುವವರಿದ್ದರು. ಕಥೆ ಅಲ್ಲಿಗೇ ನಿಂತಿತ್ತು. ಬಂದರೋ, ಒಪ್ಪಿದರೋ, ಏನಾಯಿತೋ, ಮನೆಯಲ್ಲಿ ಕೇಳಿದರೆ "ಆಮ್ಯಾಲ ಹೇಳತೇನಿ" ಎನ್ನುತ್ತಿದ್ದಳು. ಆ ಆಮೇಲೆ ಬರಲೇ ಇಲ್ಲ. ನಡುಕವನ್ನು ಸದರಿ ವಾಹನದಿಂದ ಸಮೂಲವಾಗಿ ನಿರ್ಮೂಲನ ಮಾಡತಕ್ಕದ್ದು ಎಂದು ನಾನು ಅಂದೇ ನಿರ್ಧರಿಸಿದೆ.

ಮೊದಲು ಮೆಕ್ಯಾನಿಕ್ ದಸ್ತಗೀರನ ಹತ್ತಿರ ಹೋದೆ. ಅವನು ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟು, ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿದ.

"ಎಂಜಿನ್ ತಬ್ಯೇತ ಚಲೋ ಐತ್ರಿ ಸರ. ಅದು ಕುಂಡ್ರೂ ರಬ್ಬರ ಸತ್ತಾವ. ಮೌಂಟಿಂಗ ಅಂತೇವಲ್ರಿ, ಅವು. ಬೆಳಗಾವಿಯಿಂದ ತರಸ್ತೇನಿ. ಹಳೇ ಗಾಡಿ, ಹದಿನೈದು ದಿನ ಬೇಕು."

ಹದಿನೈದು ದಿನ! ಅಷ್ಟರಲ್ಲಿ ಆ ಹೆಡ್‌ಮಿಸ್ಟ್ರೆಸ್ಸರ ಮಗಳ ಮದುವೆಯಾಗಿ ಅವಳು ಗಂಡನ ಮನೆ ಸೇರಿರುತ್ತಿದ್ದಳು. ರಬ್ಬರು ತರಿಸಲು ಹೇಳಿ, ನಡುವೆ ಏನಾದರೂ ಮಾಡೋಣವೆಂದು ಮನೆಗೆ ಬಂದೆ.

ಅತ್ತೆ ಹೊಲಿದುಕೊಟ್ಟ ಕೌದಿಯೊಂದು ಮನೆಯಲ್ಲಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಎಡಸೀಟಿನ ಮೇಲೆ ಹಾಸಿ ಶೈಲಾಳನ್ನು ಕರೆದೆ. ಅವಳು ಕುಳಿತಳು. ತಲೆ ಮೇಲಿನ ತಗಡಿಗೆ ತಾಗಿತು.

"ನಮ್ಮವ್ವ ಹೊದಿಯಾಕ ಹೊಲಿದ ಕೌದಿರೀ ಇದು" ಎಂದಷ್ಟೇ ಹೇಳಿ, ಇಳಿದು, ಕೌದಿಯನ್ನೂ ತೆಗೆದುಕೊಂಡು ಒಳಗೆ ಹೋದಳು.

ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದವರು ಪಕ್ಕದ ಮನೆಯ ಬಸಪ್ಪ ಕಾಕಾ. ನಲವತ್ತು ವರ್ಷ ಎತ್ತು ಕಟ್ಟಿದವರು.

"ತಮ್ಮಾ, ಖಾಲಿ ಚಕ್ಕಡಿ ಕುಣೀತೈತಿ. ಹೇರು ಹಾಕಿದ ಚಕ್ಕಡಿ ಎಂದಾದರೂ ಕುಣದದ್ದು ನೋಡೀಯೇನು?"

ನೋಡಿರಲಿಲ್ಲ. ತರ್ಕ ಅಭೇದ್ಯವಾಗಿತ್ತು. ಎರಡು ಚೀಲ ಜೋಳ ಡಿಕ್ಕಿಯಲ್ಲಿ ಹೇರಿದೆ. ಕಾರು ಹಿಂದೆ ಕುಳಿತು ಮೂತಿ ಮೇಲೆತ್ತಿತು. ನಡುಕ ಕಡಿಮೆಯಾಗಲಿಲ್ಲ, ಜೋಳಕ್ಕೂ ಹತ್ತಿತು. ಚೀಲದ ಹೊಲಿಗೆ ಬಿಚ್ಚಿ, ಡಿಕ್ಕಿಯ ತಳದ ತೂತಿನಿಂದ ಕಾಳು ಸುರಿಯುತ್ತ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಸವದತ್ತಿಯಲ್ಲಿ ಇಳಿದು ನೋಡಿದರೆ ಕಾರಿನ ಹಿಂದೆ ಏಳು ಕೋಳಿಗಳು ನಿಂತಿದ್ದವು. ಒಂದು ವಾರ ನನ್ನನ್ನು ಕಚೇರಿಯಲ್ಲಿ ಬಿತ್ತನೆ ಸಾಹೇಬರು ಎಂದು ಕರೆದರು.

ಕಾಕಾ ಸೋಲೊಪ್ಪುವವರಲ್ಲ. "ಹಂಗಾದರ ರಬ್ಬರನ ಹಾಕೂಣು. ಎಂ.ಕೆ. ಹುಬ್ಬಳ್ಳ್ಯಾಗ ನಮ್ಮ ಅಳಿಯ ಮಲ್ಲಪ್ಪ ಅದಾನ. ಕಬ್ಬಿನ ಟ್ರೇಲರ್ ರಿಪೇರಿ ಮಾಡ್ತಾನ. ಇಪ್ಪತ್ತು ಟನ್ ಹೊರೂ ಟಾಯರಿನ ರಬ್ಬರ ನಿನ್ನ ಗುಬ್ಬಿಮರಿ ಎಂಜಿನ್ ಹೊರೂದಿಲ್ಲೇನು?"

ಗಟ್ಟಿ ಇದ್ದದ್ದೇ ಬಾಳಿಕೆ ಬರುತ್ತದೆ ಎಂಬುದು ನಮ್ಮ ಕಡೆಯ ವೇದವಾಕ್ಯ. ದಸ್ತಗೀರನಿಗೆ ಫೋನು ಮಾಡಿದೆ.

"ಬ್ಯಾಡ್ರಿ ಸರ. ರಬ್ಬರ ಮೆತ್ತಗ ಇರಬೇಕು. ಮೆತ್ತಗಿದ್ರ ನಡುಕ ನುಂಗತೈತಿ. ಗಟ್ಟಿ ಇದ್ರ ಎಲ್ಲಾ ನಿಮಗ ದಾಟಸ್ತೈತಿ" ಎಂದ.

ಅವನ ಮಾತು ನನಗೆ ವ್ಯಾಪಾರದ ಮಾತಿನ ಹಾಗೆ ಕೇಳಿಸಿತು. ವಿನಾಶಕಾಲೇ ವಿಪರೀತಬುದ್ಧಿ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲ್ಲಪ್ಪ ಹಳೆಯ ಟಾಯರು ಕೊಯ್ದು, ತೂತು ಹೊಡೆದು, ಸುತ್ತಿಗೆಯಿಂದ ಬಡಿದು ಎಂಜಿನ್ನಿನ ಕೆಳಗೆ ಮೂರು ತುಂಡು ಕೂಡಿಸಿದ. "ಇನ್ನ ಗಾಡಿ ಹೋದ್ರೂ ರಬ್ಬರ ಹೋಗೂದಿಲ್ರಿ" ಎಂದು ಭರವಸೆ ಕೊಟ್ಟ. ಆ ಮಾತಿನ ಮೊದಲ ಭಾಗದ ಕಡೆ ನಾನು ಲಕ್ಷ್ಯ ಕೊಡಬೇಕಾಗಿತ್ತು.

ಮರುದಿನ ಶೈಲಾಳ ಮುಂದೆ ಅಂಗಲಾಚಿದೆ. "ಇವತ್ತೊಂದ ದಿನ ಬಾ. ಪೂರಾ ದುರಸ್ತ ಆಗೇತಿ."

ಅವಳು ಬಂದಳು. ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡಳು. ನಾನು ಕೀಲಿ ತಿರುವಿದೆ. ಕಾರು ನಡುಗಲಿಲ್ಲ. ನಾವು ನಡುಗಿದೆವು! ಹಲ್ಲು, ಕಿಟಕಿ, ಬಳೆ, ಎಲ್ಲ ಒಂದೇ ತಾಳದಲ್ಲಿ ಬಡಿದುಕೊಂಡವು. ಹಿಂದೆ ಬರುತ್ತಿದ್ದ ಒಂದು ಟ್ರ್ಯಾಕ್ಟರು ಕನ್ನಡಿಯಲ್ಲಿ ಮೂರಾಗಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಕನ್ನಡಿಯೇ ಕಳಚಿ ನನ್ನ ತೊಡೆಗೆ ಬಿದ್ದಿತು. ಸವದತ್ತಿಯವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಸಂಜೆ ಅವಳು ಬಸ್ಸಿನಲ್ಲಿ ಬಂದು ಊಟದ ಡಬ್ಬಿ ತೆರೆದು ನನ್ನ ಮುಂದಿಟ್ಟಳು. ಬೆಳಿಗ್ಗೆ ಮೊಸರು ಹಾಕಿಕೊಂಡು ಹೋಗಿದ್ದಳು. ಈಗ ನಿಂಬೆಹಣ್ಣಿನಷ್ಟು ಬೆಣ್ಣೆ ಇತ್ತು.

ನಾನು ತಲೆ ತಗ್ಗಿಸಿ ಕಾರನ್ನು ದಸ್ತಗೀರನಲ್ಲಿ ಬಿಟ್ಟೆ. ಅವನು ಟಾಯರಿನ ತುಂಡು ತಿರುಗಿಸಿ ನೋಡಿ, ಅದನ್ನು ನನ್ನ ಅಂಗೈಯಲ್ಲೇ ಇಟ್ಟ. ಬೈದಿದ್ದರೆ ಹಗುರಾಗುತ್ತಿತ್ತು.

ಕಾರಿಲ್ಲದ ಆ ದಿನಗಳಲ್ಲಿ ನಾನೂ ಬಸ್ಸು ಹತ್ತಿದೆ. ಶೈಲಾ ಮುಂದೆ ಹೆಂಗಸರ ನಡುವೆ ಕುಳಿತಿದ್ದಳು, ನಾನು ಹಿಂದೆ ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಕುಳಿತ ದವಾಖಾನೆಯ ನರ್ಸಬಾಯಿಗೆ ಅವಳು ಏನೋ ಹೇಳುತ್ತಿದ್ದಳು, ಕೈ ತಿರುವಿ, ಹುಬ್ಬು ಹಾರಿಸಿ. ಅದು ಹೆಡ್‌ಮಿಸ್ಟ್ರೆಸ್ಸರ ಮಗಳ ಕಥೆಯೇ ಎಂದು ನನಗೆ ಖಾತ್ರಿಯಾಯಿತು. ನರ್ಸಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ಒಂದು ಶಬ್ದವೂ ಕೇಳಿಸಲಿಲ್ಲ. ಬಸ್ಸು ಕಾರಿಗಿಂತ ಹತ್ತು ಪಟ್ಟು ನಡುಗುತ್ತಿತ್ತು.

ಸವದತ್ತಿಯಲ್ಲಿ ಇಳಿದ ಮೇಲೆ ಕೇಳಿಯೇಬಿಟ್ಟೆ. "ಈ ಬಸ್ಸಿನ ನಡುಕ ನಿನಗ ಹೆಂಗ ನಡೀತೈತಿ?"

"ನಡುಕಕ್ಕ ನಿಮ್ಮ ಗಾಡಿ ಬಿಟ್ಟೆ ಅಂತ ಯಾರ ಹೇಳಿದ್ರು?" ಎಂದಳು. "ನಾ ಬಾಯಿ ತೆಗೆದರ ಸಾಕು, 'ಸುಮ್ಮನಿರು, ಸಪ್ಪಳ ಎಲ್ಲಿಂದ ಬರತೈತಿ ಕೇಳೂಣು' ಅಂತಿದ್ರಿ. ಆರು ತಿಂಗಳ ಆ ಎಂಜಿನ್ ಮಾತ ಕೇಳಿದ್ರಿ, ನನ್ನ ಮಾತ ಕೇಳಲಿಲ್ಲ. ಬಸ್ಸಿನಾಗ ಕೇಳೂ ಮಂದಿ ಅದಾರ."

ಅವಳು ಸಾಲಿಯ ಕಡೆ ನಡೆದಳು. ಒಂಬತ್ತು ವರ್ಷ ಕಿವಿಯ ಪಕ್ಕದಲ್ಲೇ ಇದ್ದ ಆ ದನಿ ನನಗೆ ಎಷ್ಟು ಬೇಕಾಗಿತ್ತು ಎಂದು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ತಿಳಿಯಬೇಕಾಯಿತು.

ದಸ್ತಗೀರ ಹೊಸ ರಬ್ಬರು ಹಾಕಿಕೊಟ್ಟ. ಈಗ ಬಾನೆಟ್ಟಿನ ಮೇಲೆ ತುಂಬಿದ ಚಹಾ ಬಟ್ಟಲು ಇಟ್ಟರೂ ಒಂದು ಹನಿ ಚೆಲ್ಲುವುದಿಲ್ಲ. ಶೈಲಾಳನ್ನು ಕರೆದೆ, ತಪ್ಪಾಯಿತು ಎಂದೂ ಹೇಳಿದೆ. "ನೋಡೂಣು, ನರ್ಸಬಾಯಿ ಸೀಟ ಹಿಡಿದಿರತಾಳ" ಎಂದಳು.

ಬಜಾರಿನಲ್ಲಿ ಯಾವ ಬಸ್ಸನ್ನೂ ಮುಂದೆ ಬಿಡದ ನನ್ನ ಕಾರು ಈಗ ದಿನಾ ಬೆಳಿಗ್ಗೆ ಅವಳ ಬಸ್ಸಿನ ಹಿಂದೆ ಹೋಗುತ್ತದೆ. ಅದು ನಿಂತಲ್ಲೆಲ್ಲ ನಿಲ್ಲುತ್ತೇನೆ. ತಿರುವಿನಲ್ಲಿ ಬಸ್ಸು ಓರೆಯಾದಾಗ ಮೂರನೆಯ ಕಿಟಕಿಯಲ್ಲಿ ಅವಳ ಮೊಣಕೈ ಕಾಣುತ್ತದೆ. ಅಷ್ಟು ಕಂಡರೆ ಅವತ್ತಿನ ದಿನ ಚೆನ್ನಾಗಿ ಹೋಗುತ್ತದೆ.

ನಿನ್ನೆ ಸಂಜೆ ಚಹಾ ಕೊಡುತ್ತ ಅವಳಾಗಿಯೇ ಮಾತು ತೆಗೆದಳು.

"ಬಸ್ಸಿನಾಗ ಎಲ್ಲಾರೂ ಕೇಳಾಕತ್ತಾರ್ರಿ. ಯಾರದದು ಕೆಂಪು ಗಾಡಿ, ದಿನಾ ನಮ್ಮ ಬೆನ್ನ ಹತ್ತಿ ಬರತೈತಿ ಅಂತ."

ನನ್ನ ಎದೆ ಹಿಗ್ಗಿತು. "ನೀ ಏನಂದಿ?"

"ಯಾರೋ ಪಾಪ, ಹೊಸದಾಗಿ ಗಾಡಿ ಹೊಡಿಯಾಕ ಕಲಿಯಾಕತ್ತಿರಬೇಕು ಅಂದೆ."